ಲೋಡ್ ಇಳಿದರೂ ಇಳಿಯದ ಬಿಸಿ

ಪ್ರಶ್ನೆ: ವಿದ್ಯುತ್ ವಾಹನಗಳ ಚಾರ್ಜರ್ ರಿಪೇರಿ ಮಾಡುವ ಕೆಲಸದಲ್ಲಿದ್ದೇನೆ. ಈಚೆಗೆ 3.3 ಕಿಲೋವಾಟ್‌ನ ಒಂದು ಚಾರ್ಜರ್ ಬಿಚ್ಚಿ ಪರೀಕ್ಷಿಸುತ್ತಿದ್ದಾಗ ಥರ್ಮಲ್ ಕ್ಯಾಮೆರಾದಲ್ಲಿ ವಿಚಿತ್ರವೊಂದು ಕಂಡಿತು. ಫುಲ್ ಬ್ರಿಡ್ಜ್‌ನ ನಾಲ್ಕೂ ಮಾಸ್‌ಫೆಟ್‌ಗಳು ಒಂದೇ ನಂಬರಿನವು, ಒಂದೇ ಹೀಟ್‌ಸಿಂಕ್ ಮೇಲೆ ಕೂತಿವೆ. ಫುಲ್ ಲೋಡ್‌ನಲ್ಲಿ ನಾಲ್ಕೂ ಹೆಚ್ಚುಕಡಿಮೆ ಒಂದೇ ಬಿಸಿ. ಬ್ಯಾಟರಿ ತುಂಬುತ್ತ ಬಂದು ಕರೆಂಟ್ ಇಳಿದಾಗ ಮಾತ್ರ ಒಂದು ಬದಿಯ ಎರಡು ತಣ್ಣಗಾಗುತ್ತವೆ, ಇನ್ನೊಂದು ಬದಿಯ ಎರಡು ಬಿಸಿಯಾಗೇ ಉಳಿಯುತ್ತವೆ. ಇದು ಸಾಫ್ಟ್ ಸ್ವಿಚಿಂಗ್ ಸರ್ಕ್ಯೂಟ್ ಎಂದು ಕೇಳಿದ್ದೇನೆ. ಹಾಗಿದ್ದರೆ ಸ್ವಿಚಿಂಗ್ ನಷ್ಟವೇ ಇರಬಾರದಲ್ಲವೇ? ಇನ್ನೂ ದೊಡ್ಡ ಮಾಸ್‌ಫೆಟ್ ಹಾಕಿದರೆ ಸರಿಹೋಗುತ್ತದೆಯೇ?
ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಕ್ಯಾಮೆರಾ ತೋರಿಸಿದ್ದು ನಿಜ, ಚಾರ್ಜರ್ ಕೂಡ ಬಹುಶಃ ಕೆಟ್ಟಿಲ್ಲ. ಬಿಸಿಯಾಗೇ ಉಳಿಯುವ ಆ ಎರಡು ಮಾಸ್‌ಫೆಟ್‌ಗಳು ಬ್ರಿಡ್ಜ್‌ನ ಲ್ಯಾಗಿಂಗ್ ಕಾಲಿಗೆ, ಅಂದರೆ ತಡವಾಗಿ ಸ್ವಿಚ್ ಆಗುವ ಜೋಡಿಗೆ, ಸೇರಿದವು. ಅವು ನಷ್ಟವಿಲ್ಲದೆ ಸ್ವಿಚ್ ಆಗಬೇಕಾದರೆ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ ಒಂದು ಮಟ್ಟದ ಕರೆಂಟ್ ಹರಿಯುತ್ತಿರಲೇಬೇಕು. ಕರೆಂಟ್ ಆ ಮಟ್ಟಕ್ಕಿಂತ ಕೆಳಗಿಳಿದರೆ ಆ ಕಾಲು ಸಾಫ್ಟ್ ಸ್ವಿಚಿಂಗ್ ಕಳೆದುಕೊಳ್ಳುತ್ತದೆ, ಪಕ್ಕದ ಕಾಲು ಉಳಿಸಿಕೊಳ್ಳುತ್ತದೆ. ಇನ್ನು ದೊಡ್ಡ ಮಾಸ್‌ಫೆಟ್ ಹಾಕುವ ವಿಚಾರ: ಹಾಗೆ ಮಾಡಿದರೆ ಈ ಬಿಸಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಯಾಕೆ ಎಂಬುದನ್ನು ತಿಳಿಯಲು ಸ್ವಿಚ್ ಆಗುವ ಆ ನೂರು ಚಿಲ್ಲರೆ ನ್ಯಾನೊಸೆಕೆಂಡಿನೊಳಗೆ ಇಳಿದು ನೋಡಬೇಕು. ಸಾಫ್ಟ್ ಸ್ವಿಚಿಂಗ್‌ನ ಎಲ್ಲ ಚೆಲುವೂ ಎಲ್ಲ ತೊಡಕೂ ಅಲ್ಲೇ ಇವೆ.

ಮಾಸ್‌ಫೆಟ್ ಆಫ್ ಆಗಿದ್ದಾಗ ಅದರ ಡ್ರೇನ್ ಮತ್ತು ಸೋರ್ಸ್ ನಡುವೆ 400 ವೋಲ್ಟ್ ನಿಂತಿರುತ್ತದೆ. ಆ ಎರಡು ತುದಿಗಳ ನಡುವೆ ಒಂದು ಪುಟ್ಟ ಕೆಪಾಸಿಟರ್ ಕೂಡ ಇದೆ. ಅದನ್ನು ಯಾರೂ ಬೆಸುಗೆ ಹಾಕಿದ್ದಲ್ಲ, ಸಿಲಿಕಾನ್ ಚಿಪ್ಪಿನ ರಚನೆಯಲ್ಲೇ ಹುಟ್ಟಿಕೊಂಡದ್ದು. ಡೇಟಾಶೀಟ್‌ನಲ್ಲಿ ಇದಕ್ಕೆ ಔಟ್‌ಪುಟ್ ಕೆಪಾಸಿಟನ್ಸ್ ಎಂಬ ಹೆಸರು. ಲೆಕ್ಕಕ್ಕೆ ಅನುಕೂಲವಾಗಲಿ ಎಂದು 300 ಪಿಕೊಫ್ಯಾರಡ್ ಎಂದಿಟ್ಟುಕೊಳ್ಳೋಣ. ನಿಜದಲ್ಲಿ ಇದು ವೋಲ್ಟೇಜ್ ಜೊತೆಗೆ ಬದಲಾಗುತ್ತದೆ, ಕಡಿಮೆ ವೋಲ್ಟೇಜ್‌ನಲ್ಲಿ ಬಹಳ ಹೆಚ್ಚಾಗುತ್ತದೆ. ಆದರೆ ನಮ್ಮ ಮಾತಿಗೆ ಒಂದೇ ಸಂಖ್ಯೆ ಸಾಕು. 400 ವೋಲ್ಟ್‌ನಲ್ಲಿ ಆ ಕೆಪಾಸಿಟರಿನಲ್ಲಿ 24 ಮೈಕ್ರೋಜೌಲ್ ಶಕ್ತಿ ತುಂಬಿರುತ್ತದೆ. ಗೇಟಿಗೆ ಸಿಗ್ನಲ್ ಕೊಟ್ಟು ಮಾಸ್‌ಫೆಟ್ ಆನ್ ಮಾಡಿದ ಕ್ಷಣ ಆ ಶಕ್ತಿಯೆಲ್ಲ ಅದೇ ಮಾಸ್‌ಫೆಟ್‌ನ ಒಳಗೇ ಸುಟ್ಟುಹೋಗುತ್ತದೆ. ಅಷ್ಟೇ ಅಲ್ಲ, ಅದೇ ಕಾಲಿನ ಇನ್ನೊಂದು ಮಾಸ್‌ಫೆಟ್‌ನ ಕೆಪಾಸಿಟರನ್ನು ಸೊನ್ನೆಯಿಂದ 400 ವೋಲ್ಟ್‌ಗೆ ತುಂಬಿಸುವ ಕರೆಂಟೂ ಇದರ ಮೂಲಕವೇ ಹಾದುಹೋಗಬೇಕು. ಅದರಿಂದ ಇನ್ನೊಂದು 24 ಮೈಕ್ರೋಜೌಲ್ ನಷ್ಟ. ಒಟ್ಟು 48. ಸೆಕೆಂಡಿಗೆ ಒಂದು ಲಕ್ಷ ಸಲ ಹೀಗಾದರೆ ಒಂದೊಂದು ಮಾಸ್‌ಫೆಟ್‌ಗೆ 4.8 ವಾಟ್, ಇಡೀ ಬ್ರಿಡ್ಜ್‌ಗೆ 19 ವಾಟ್ ದಾಟುತ್ತದೆ.

ಇದಕ್ಕೆ ಆನ್ ಆಗುವಾಗಿನ ಓವರ್‌ಲ್ಯಾಪ್ ನಷ್ಟವನ್ನೂ ಸೇರಿಸಿ. ವೋಲ್ಟೇಜ್ ಪೂರ್ತಿ ಇಳಿಯುವ ಮೊದಲೇ ಕರೆಂಟ್ ಏರಿಬಿಡುತ್ತದೆ. 400 ವೋಲ್ಟ್, 10 ಆಂಪಿಯರ್ 40 ನ್ಯಾನೊಸೆಕೆಂಡ್ ಕಾಲ ಒಂದರ ಮೇಲೊಂದು ಬಿದ್ದರೆ ಸುಮಾರು 80 ಮೈಕ್ರೋಜೌಲ್, ಅಂದರೆ ಒಂದೊಂದು ಮಾಸ್‌ಫೆಟ್‌ಗೆ ಮತ್ತೆ 8 ವಾಟ್. ಇದು ಹಾರ್ಡ್ ಸ್ವಿಚಿಂಗ್. ಈ ನಷ್ಟ ಫ್ರೀಕ್ವೆನ್ಸಿಯ ಜೊತೆಗೇ ಏರುತ್ತದೆ. ಟ್ರಾನ್ಸ್‌ಫಾರ್ಮರನ್ನು ಚಿಕ್ಕದಾಗಿಸಬೇಕಾದರೆ ಫ್ರೀಕ್ವೆನ್ಸಿ ಏರಿಸಲೇಬೇಕು, ಏರಿಸಿದರೆ ಮಾಸ್‌ಫೆಟ್ ಸುಡುತ್ತದೆ. 1980ರ ದಶಕದ ವಿನ್ಯಾಸಕಾರರು ಈ ಇಕ್ಕಟ್ಟಿನಲ್ಲೇ ಸಿಕ್ಕಿಹಾಕಿಕೊಂಡಿದ್ದರು.

ಬಿಡಿಸಿಕೊಳ್ಳುವ ದಾರಿ ಹೇಳಲು ಸುಲಭ. ಪ್ರೆಶರ್ ಕುಕ್ಕರಿನ ಮುಚ್ಚಳವನ್ನು ಒಳಗಿನ ಒತ್ತಡ ಇಳಿದ ಮೇಲೆ ತೆಗೆಯುತ್ತೇವಲ್ಲ, ಹಾಗೆ ಮಾಸ್‌ಫೆಟ್‌ನ ಮೇಲಿನ ವೋಲ್ಟೇಜ್ ಸೊನ್ನೆಗಿಳಿದ ಮೇಲೆ ಅದನ್ನು ಆನ್ ಮಾಡುವುದು. ಆಗ ಸುಡಲು ಕೆಪಾಸಿಟರಿನಲ್ಲಿ ಏನೂ ಉಳಿದಿರುವುದಿಲ್ಲ, ವೋಲ್ಟೇಜೂ ಕರೆಂಟೂ ಒಂದರ ಮೇಲೊಂದು ಬೀಳುವುದಿಲ್ಲ. ಇದಕ್ಕೆ ಜೀರೋ ವೋಲ್ಟೇಜ್ ಸ್ವಿಚಿಂಗ್ ಎನ್ನುತ್ತಾರೆ. ಒಂದು ದೊಡ್ಡ ವ್ಯತ್ಯಾಸವಿದೆ: ಕುಕ್ಕರಿನ ಹಬೆ ಗಾಳಿಗೆ ಹೋಗುತ್ತದೆ, ಇಲ್ಲಿ ಕೆಪಾಸಿಟರಿನ ಶಕ್ತಿ ಎಲ್ಲಿಯೂ ಪೋಲಾಗದೆ ಸರ್ಕ್ಯೂಟಿಗೇ ಮರಳುತ್ತದೆ. ಹಾಗಿದ್ದರೆ ಆ ವೋಲ್ಟೇಜನ್ನು ಇಳಿಸುವವರು ಯಾರು? ಅದಕ್ಕೆ ಬೇಕಾದದ್ದು ಕರೆಂಟನ್ನು ಹಟದಿಂದ ಮುಂದೆ ತಳ್ಳುವ ಒಂದು ಇಂಡಕ್ಟರ್. ಅದು ಬ್ರಿಡ್ಜ್‌ನಲ್ಲಿ ಮೊದಲಿನಿಂದಲೂ ಇತ್ತು. ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೂ ಸೆಕೆಂಡರಿಗೂ ನಡುವೆ ಪೂರ್ತಿ ಬೆಸೆಯದೆ ಉಳಿದ ಕಾಂತಕ್ಷೇತ್ರದಿಂದ ಬರುವ ಲೀಕೇಜ್ ಇಂಡಕ್ಟನ್ಸ್ ಅದು. ಹಾರ್ಡ್ ಸ್ವಿಚಿಂಗ್ ಕಾಲದಲ್ಲಿ ಅದು ಬರೀ ಉಪದ್ರವ. ವೋಲ್ಟೇಜ್ ಸ್ಪೈಕ್ ಎಬ್ಬಿಸುತ್ತಿತ್ತು, ಅದನ್ನು ಅಡಗಿಸಲು ಸ್ನಬ್ಬರ್ ಹಾಕಬೇಕಿತ್ತು. ಮಾಸ್‌ಫೆಟ್‌ನ ಕೆಪಾಸಿಟನ್ಸ್ ಕೂಡ ಉಪದ್ರವವೇ. ಈ ಎರಡು ಉಪದ್ರವಗಳನ್ನು ಜೋಡಿಸಿ ಒಂದರಿಂದ ಇನ್ನೊಂದರ ಹಾನಿ ತಪ್ಪಿಸಿದ್ದು, ನನ್ನ ಮಟ್ಟಿಗೆ, ಪವರ್ ಎಲೆಕ್ಟ್ರಾನಿಕ್ಸ್ ಕಂಡ ಅತಿ ಸುಂದರ ಆಲೋಚನೆಗಳಲ್ಲೊಂದು.

ಅದನ್ನು ಫುಲ್ ಬ್ರಿಡ್ಜ್‌ನಲ್ಲಿ ಸಾಧ್ಯವಾಗಿಸಿದ್ದು ಫೇಸ್ ಶಿಫ್ಟ್ ಎಂಬ ನಿಯಂತ್ರಣ ಕ್ರಮ. 1980ರ ದಶಕದ ಕೊನೆಗೆ ಇದರ ಪ್ರಯೋಗಗಳು ಪ್ರಕಟವಾಗತೊಡಗಿದವು. 1990ರಲ್ಲಿ ಅಮೆರಿಕದ ವರ್ಜಿನಿಯಾ ಟೆಕ್‌ನಲ್ಲಿ ಫ್ರೆಡ್ ಲೀ ಅವರ ತಂಡ ದೊಡ್ಡ ಪವರ್‌ನ ಬ್ರಿಡ್ಜ್ ವಿನ್ಯಾಸಕ್ಕೆ ಬೇಕಾದ ಲೆಕ್ಕಾಚಾರವನ್ನು ಕ್ರಮಬದ್ಧವಾಗಿ ಬರೆದಿಟ್ಟಿತು. ಅದೇ ವರ್ಷ ರಿಚರ್ಡ್ ರೆಡ್ಲ್, ನೇಥನ್ ಸೋಕಲ್, ಲಾಸ್ಲೊ ಬಲೋಗ್ ಮೂವರೂ ಸೇರಿ 1.5 ಕಿಲೋವಾಟ್, 100 ಕಿಲೋಹರ್ಟ್ಸ್‌ನ ಕನ್ವರ್ಟರ್ ಒಂದನ್ನು ಮಂಡಿಸಿದರು. ಅದರಲ್ಲಿನ ಎರಡು ಕ್ಲ್ಯಾಂಪ್ ಡಯೋಡ್‌ಗಳ ಉಪಾಯ ಇಂದಿಗೂ ಬಳಕೆಯಲ್ಲಿದೆ. ಯುನಿಟ್ರೋಡ್ ಕಂಪನಿಯ ಯುಸಿ3875 ಎಂಬ ಕಂಟ್ರೋಲರ್ ಚಿಪ್ ಬಂದ ಮೇಲೆ ಈ ವಿದ್ಯೆ ಪ್ರಯೋಗಶಾಲೆಯಿಂದ ಕಾರ್ಖಾನೆಗೆ ಇಳಿಯಿತು. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ರಾಮನಾರಾಯಣನ್ ಅವರ ಸ್ವಿಚ್ಡ್ ಮೋಡ್ ಪವರ್ ಕನ್ವರ್ಷನ್ ಪಾಠದ ಟಿಪ್ಪಣಿಗಳಲ್ಲಿ ಸಾಫ್ಟ್ ಸ್ವಿಚಿಂಗ್ ವಿಷಯವನ್ನು ಬಹಳ ಸ್ವಚ್ಛವಾಗಿ ಬಿಡಿಸಿಟ್ಟಿದ್ದಾರೆ. ಗಣಿತಕ್ಕೆ ಹೆದರದವರು ಅದನ್ನು ಓದಲೇಬೇಕು.

ಈಗ ನಿಮ್ಮ ಬೋರ್ಡಿಗೆ ಬರೋಣ. ಎಡಗಾಲಿನಲ್ಲಿ ಮೇಲೆ ಕ್ಯೂ1, ಕೆಳಗೆ ಕ್ಯೂ2. ಬಲಗಾಲಿನಲ್ಲಿ ಮೇಲೆ ಕ್ಯೂ3, ಕೆಳಗೆ ಕ್ಯೂ4. ಎರಡು ಕಾಲುಗಳ ನಡುಬಿಂದುಗಳ ಮಧ್ಯೆ ಟ್ರಾನ್ಸ್‌ಫಾರ್ಮರಿನ ಪ್ರೈಮರಿ. ಸಾಮಾನ್ಯ ಬ್ರಿಡ್ಜ್‌ನಲ್ಲಿ ಪವರ್ ಕಡಿಮೆ ಮಾಡಬೇಕಾದರೆ ಮಾಸ್‌ಫೆಟ್‌ಗಳು ಆನ್ ಆಗಿರುವ ಅವಧಿಯನ್ನೇ ಕಡಿಮೆ ಮಾಡುತ್ತಾರೆ. ಫೇಸ್ ಶಿಫ್ಟ್‌ನಲ್ಲಿ ಹಾಗಿಲ್ಲ. ಪ್ರತಿ ಮಾಸ್‌ಫೆಟ್ ಯಾವಾಗಲೂ ಹೆಚ್ಚುಕಡಿಮೆ ಅರ್ಧ ಅವಧಿ ಆನ್, ಅರ್ಧ ಅವಧಿ ಆಫ್. ಎರಡು ಕಾಲುಗಳ ತಾಳದಲ್ಲಿ ಎಷ್ಟು ಅಂತರ ಇಡುತ್ತೇವೆ ಎಂಬುದರಿಂದ ಪವರ್ ನಿರ್ಧಾರವಾಗುತ್ತದೆ. ಕ್ಯೂ1 ಮತ್ತು ಕ್ಯೂ4 ಒಟ್ಟಿಗೆ ಆನ್ ಇರುವಷ್ಟು ಹೊತ್ತು ಪವರ್ ಸೆಕೆಂಡರಿಗೆ ದಾಟುತ್ತದೆ. ಮೊದಲು ಆಫ್ ಆಗುವುದು ಕ್ಯೂ1.

ಆ ಕ್ಷಣ ಪ್ರೈಮರಿಯಲ್ಲಿ 10 ಆಂಪಿಯರ್ ಹರಿಯುತ್ತಿದೆ ಎನ್ನಿ. ಕ್ಯೂ1 ಮುಚ್ಚಿಕೊಂಡರೂ ಕರೆಂಟ್ ನಿಲ್ಲುವುದಿಲ್ಲ. ಅದರ ಹಿಂದೆ ಲೀಕೇಜ್ ಇಂಡಕ್ಟನ್ಸ್ ಮಾತ್ರವಲ್ಲ, ಸೆಕೆಂಡರಿ ಕಡೆಯ ದೊಡ್ಡ ಔಟ್‌ಪುಟ್ ಇಂಡಕ್ಟರ್ ಕೂಡ ಟ್ರಾನ್ಸ್‌ಫಾರ್ಮರಿನ ಮೂಲಕ ತಳ್ಳುತ್ತಿದೆ. ಹರಿಯಲು ಬೇರೆ ದಾರಿ ಇಲ್ಲದ ಕರೆಂಟ್ ಎಡಗಾಲಿನ ಎರಡು ಕೆಪಾಸಿಟರ್‌ಗಳನ್ನು ಹಿಡಿಯುತ್ತದೆ. ಕ್ಯೂ1ರದ್ದು ತುಂಬುತ್ತದೆ, ಕ್ಯೂ2ರದ್ದು ಖಾಲಿಯಾಗುತ್ತದೆ, ನಡುಬಿಂದು 400 ವೋಲ್ಟ್‌ನಿಂದ ಸೊನ್ನೆಗೆ ಜಾರುತ್ತದೆ. 600 ಪಿಕೊಫ್ಯಾರಡ್‌ಗೆ 10 ಆಂಪಿಯರ್ ಸಿಕ್ಕರೆ ಇದಕ್ಕೆ ಬೇಕಾದದ್ದು 24 ನ್ಯಾನೊಸೆಕೆಂಡ್ ಮಾತ್ರ. ನಂತರ ಕರೆಂಟ್ ಕ್ಯೂ2ರ ಬಾಡಿ ಡಯೋಡ್ ಮೂಲಕ ಹರಿಯತೊಡಗುತ್ತದೆ. ಈಗ ಕ್ಯೂ2ರ ಮೇಲೆ ವೋಲ್ಟೇಜೇ ಇಲ್ಲ, ಆನ್ ಮಾಡಿದರೆ ನಷ್ಟವಿಲ್ಲ. ಲೋಡ್ ಇಳಿದಾಗಲೂ ಈ ಕಾಲಿಗೆ ಅಷ್ಟು ಕಷ್ಟವಾಗುವುದಿಲ್ಲ, ಯಾಕೆಂದರೆ ಅದು ಸ್ವಿಚ್ ಆಗುವುದು ರಿಪ್ಪಲ್ ಕರೆಂಟ್ ತುತ್ತತುದಿಯಲ್ಲಿರುವಾಗ. ಆ ತುದಿ 2.5 ಆಂಪಿಯರ್ ಇದ್ದರೂ 96 ನ್ಯಾನೊಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ನಿಮ್ಮ ಕ್ಯಾಮೆರಾದಲ್ಲಿ ತಣ್ಣಗಾಗುವ ಬದಿ ಇದು, ಲೀಡಿಂಗ್ ಕಾಲು.

ಈಗ ಕ್ಯೂ2, ಕ್ಯೂ4 ಎರಡೂ ಆನ್. ಪ್ರೈಮರಿಯ ಎರಡು ತುದಿಗಳೂ ನೆಲಕ್ಕೆ ಅಂಟಿವೆ, ಕರೆಂಟ್ ಸುಮ್ಮನೆ ಸುತ್ತುತ್ತಿದೆ. ಸ್ವಲ್ಪ ಹೊತ್ತಿನ ಮೇಲೆ ಬಲಗಾಲಿನ, ಅಂದರೆ ಲ್ಯಾಗಿಂಗ್ ಕಾಲಿನ, ಕ್ಯೂ4 ಆಫ್ ಆಗುತ್ತದೆ. ಕರೆಂಟ್ ಬಲಗಾಲಿನ ನಡುಬಿಂದುವನ್ನು ಮೇಲಕ್ಕೆ ತಳ್ಳುತ್ತದೆ, ಅದು ಸೊನ್ನೆಯಿಂದ 400ಕ್ಕೆ ಏರಬೇಕು. ನೋಡಲು ಎಡಗಾಲಿನ ಕಥೆಯೇ ಮತ್ತೆ ನಡೆದ ಹಾಗಿದೆ. ಆದರೆ ಒಂದು ಸಂಗತಿ ಪೂರ್ತಿ ಬದಲಾಗಿದೆ. ನಡುಬಿಂದು ಏರತೊಡಗಿದ ಕೂಡಲೇ ಪ್ರೈಮರಿಯ ವೋಲ್ಟೇಜ್ ತಿರುಗುಮುರುಗಾಗುತ್ತದೆ, ಸೆಕೆಂಡರಿಯ ಡಯೋಡ್‌ಗಳೆಲ್ಲ ಒಮ್ಮೆಗೇ ಆನ್ ಆಗಿ ಸೆಕೆಂಡರಿ ಶಾರ್ಟ್ ಆದಂತಾಗುತ್ತದೆ. ಔಟ್‌ಪುಟ್ ಇಂಡಕ್ಟರ್ ಆ ಡಯೋಡ್‌ಗಳಲ್ಲೇ ಸುತ್ತುತ್ತ ಪ್ರೈಮರಿಯಿಂದ ಸಂಬಂಧ ಕಡಿದುಕೊಳ್ಳುತ್ತದೆ. ಹತ್ತಾರು ಮೈಕ್ರೋಹೆನ್ರಿಯ ಆ ದೊಡ್ಡ ಆಸರೆ ಹೋಯಿತು. ಉಳಿದದ್ದು ಲೀಕೇಜ್ ಇಂಡಕ್ಟನ್ಸ್ ಒಂದೇ. ಬಲಗಾಲಿನ ಎರಡು ಕೆಪಾಸಿಟರ್‌ಗಳನ್ನು ತಿರುಗಿಸುವಷ್ಟು ಶಕ್ತಿ ಅದೊಂದರಲ್ಲೇ ಇರಬೇಕು.

ಇರುತ್ತದೆಯೇ? ಲೀಕೇಜ್ 10 ಮೈಕ್ರೋಹೆನ್ರಿ ಎಂದುಕೊಳ್ಳಿ. ಅದರ ಶಕ್ತಿ ಕರೆಂಟಿನ ವರ್ಗಕ್ಕೆ ಅನುಗುಣ. ಬೇಕಾದದ್ದು 48 ಮೈಕ್ರೋಜೌಲ್. ಲೆಕ್ಕ ಹಾಕಿದರೆ ಕನಿಷ್ಠ 3.1 ಆಂಪಿಯರ್ ಹರಿಯುತ್ತಿರಬೇಕು. 10 ಆಂಪಿಯರ್ ಇರುವಾಗ ಶಕ್ತಿ ಹತ್ತು ಪಟ್ಟು ಹೆಚ್ಚೇ ಇರುತ್ತದೆ, ಆದ್ದರಿಂದ ಫುಲ್ ಲೋಡ್‌ನಲ್ಲಿ ನಿಮಗೆ ನಾಲ್ಕೂ ಸಮ ಕಂಡವು. ಬ್ಯಾಟರಿ ತುಂಬುತ್ತ ಬಂದು ಆ ಕ್ಷಣದ ಕರೆಂಟ್ 1.5 ಆಂಪಿಯರಿಗೆ ಇಳಿದರೆ? ಇಂಡಕ್ಟರೂ ಕೆಪಾಸಿಟರೂ ಸೇರಿ ತೂಗತೊಡಗುತ್ತವೆ, ನಡುಬಿಂದು ಏರುತ್ತ ಏರುತ್ತ 194 ವೋಲ್ಟ್ ಮುಟ್ಟುತ್ತದೆ, ಅಲ್ಲಿಗೆ ಉಸಿರು ಮುಗಿದು ಹಿಂದಕ್ಕೆ ಇಳಿಯುತ್ತದೆ. ತುದಿ ಮುಟ್ಟಿದ ಕ್ಷಣದಲ್ಲೇ ಕ್ಯೂ3 ಆನ್ ಮಾಡಿದರೂ ಅದರ ಮೇಲೆ ಇನ್ನೂ 206 ವೋಲ್ಟ್ ನಿಂತಿರುತ್ತದೆ, ಅಷ್ಟರ ಶಕ್ತಿ ಸುಟ್ಟೇ ಸುಡುತ್ತದೆ: ಮಾಸ್‌ಫೆಟ್ ಒಂದಕ್ಕೆ ಸುಮಾರು 1.3 ವಾಟ್. ಕರೆಂಟ್ ಇನ್ನೂ ಇಳಿದರೆ ಈ ನಷ್ಟ 4.8 ವಾಟ್ ಕಡೆಗೆ ಏರುತ್ತ ಹೋಗುತ್ತದೆ. ಲೋಡ್ ಇಳಿದಂತೆ ಬಿಸಿ ಇಳಿಯದಿರುವುದಕ್ಕೆ ಕಾರಣ ಇಷ್ಟೇ. ಕರೆಂಟಿನ ನಷ್ಟ ಇಳಿಯುತ್ತದೆ, ಸ್ವಿಚಿಂಗ್ ನಷ್ಟ ಏರುತ್ತದೆ, ಅದೂ ಒಂದೇ ಕಾಲಿನಲ್ಲಿ.

ಡೆಡ್ ಟೈಮ್ ಇಲ್ಲಿ ಪ್ರಾಣ. ಒಂದು ಮಾಸ್‌ಫೆಟ್ ಆಫ್ ಆದ ಮೇಲೆ ಅದೇ ಕಾಲಿನ ಇನ್ನೊಂದು ಆನ್ ಆಗುವವರೆಗಿನ ಬಿಡುವು ಅದು. ಹಾರ್ಡ್ ಸ್ವಿಚಿಂಗ್‌ನಲ್ಲಿ ಅದರ ಕೆಲಸ ಎರಡೂ ಒಟ್ಟಿಗೆ ಆನ್ ಆಗಿ ಶಾರ್ಟ್ ಆಗದಂತೆ ತಡೆಯುವುದು, ಅಷ್ಟೇ. ಇಲ್ಲಿ ಅದು ನಡುಬಿಂದುವಿಗೆ ಕೊಟ್ಟ ಪ್ರಯಾಣದ ಸಮಯ. ಮೇಲಿನ ಸಂಖ್ಯೆಗಳಲ್ಲಿ ಬಲಗಾಲಿಗೆ, ಕನಿಷ್ಠ ಕರೆಂಟ್ ಇದ್ದಾಗ, ಬೇಕಾದದ್ದು 122 ನ್ಯಾನೊಸೆಕೆಂಡ್; ಇಂಡಕ್ಟರ್ ಮತ್ತು ಕೆಪಾಸಿಟರಿನ ಒಂದು ತೂಗಾಟದ ಕಾಲುಭಾಗ. ಅದಕ್ಕಿಂತ ಬೇಗ ಆನ್ ಮಾಡಿದರೆ ವೋಲ್ಟೇಜ್ ಇನ್ನೂ ದಾರಿಯಲ್ಲಿರುತ್ತದೆ. ಬಹಳ ತಡಮಾಡಿದರೆ ಕರೆಂಟ್ ದಿಕ್ಕು ಬದಲಿಸಿ, ಸೊನ್ನೆಗಿಳಿದ ವೋಲ್ಟೇಜ್ ಮತ್ತೆ ಏರತೊಡಗುತ್ತದೆ. ಎರಡು ಕಾಲುಗಳಿಗೆ ಬೇಕಾದ ಸಮಯವೇ ಬೇರೆ ಬೇರೆ, ಆದ್ದರಿಂದಲೇ ಯುಸಿ3875ರಲ್ಲಿ ಒಂದೊಂದು ಕಾಲಿನ ವಿಳಂಬಕ್ಕೆ ಒಂದೊಂದು ಪಿನ್ ಇದೆ. ಅದರ ನಂತರದ ಪೀಳಿಗೆಯ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಯುಸಿಸಿ28950 ಕರೆಂಟನ್ನು ಅಳೆದು, ಲೋಡ್‌ಗೆ ತಕ್ಕಂತೆ ಆ ವಿಳಂಬವನ್ನು ತಾನೇ ಹೊಂದಿಸಿಕೊಳ್ಳುತ್ತದೆ.

ಹಾಗಾದರೆ ಲೀಕೇಜ್ ಇಂಡಕ್ಟನ್ಸನ್ನೇ ಹೆಚ್ಚಿಸಿಬಿಟ್ಟರೆ ಆಯಿತಲ್ಲ ಎಂದು ನೀವು ಕೇಳಬಹುದು. ವಿನ್ಯಾಸಕಾರರು ಹಾಗೆ ಮಾಡುತ್ತಾರೆ ಕೂಡ, ಪ್ರೈಮರಿಗೆ ಸರಣಿಯಲ್ಲಿ ಒಂದು ಚಿಕ್ಕ ಇಂಡಕ್ಟರ್ ಸೇರಿಸುತ್ತಾರೆ. ನಿಮ್ಮ ಬೋರ್ಡಿನಲ್ಲಿ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ದಪ್ಪ ತಂತಿಯ, ಕೆಲವೇ ಸುತ್ತುಗಳ ಪುಟ್ಟ ಕೋರ್ ಕಂಡರೆ ಅದು ಇದೇ ಇರಬಹುದು. ಆದರೆ ಇದಕ್ಕೊಂದು ಬೆಲೆ ತೆರಬೇಕು. ಪ್ರತಿ ಅರ್ಧ ಸುತ್ತಿಗೂ ಪ್ರೈಮರಿಯ ಕರೆಂಟ್ ಒಂದು ದಿಕ್ಕಿನ 10 ಆಂಪಿಯರಿನಿಂದ ಎದುರು ದಿಕ್ಕಿನ 10 ಆಂಪಿಯರಿಗೆ ಹೊರಳಬೇಕು. 10 ಮೈಕ್ರೋಹೆನ್ರಿಗೆ 400 ವೋಲ್ಟ್ ಕೊಟ್ಟರೆ ಈ ಹೊರಳಾಟಕ್ಕೆ ಅರ್ಧ ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಅಷ್ಟು ಹೊತ್ತು ಬ್ರಿಡ್ಜ್ ವೋಲ್ಟೇಜ್ ಕೊಡುತ್ತಿದ್ದರೂ ಸೆಕೆಂಡರಿಯಲ್ಲಿ ಏನೂ ಬರುವುದಿಲ್ಲ. 100 ಕಿಲೋಹರ್ಟ್ಸ್‌ನಲ್ಲಿ ಅರ್ಧ ಸುತ್ತು ಅಂದರೆ 5 ಮೈಕ್ರೋಸೆಕೆಂಡ್. ಅದರಲ್ಲಿ ಹತ್ತನೇ ಒಂದು ಭಾಗ ಹೋಯಿತು. ಇಂಡಕ್ಟನ್ಸನ್ನು ಎರಡು ಪಟ್ಟು ಮಾಡಿದರೆ ಐದನೇ ಒಂದು ಭಾಗ ಹೋಗುತ್ತದೆ. ಅದನ್ನು ತುಂಬಿಕೊಳ್ಳಲು ಟ್ರಾನ್ಸ್‌ಫಾರ್ಮರಿನ ಸುತ್ತುಗಳ ಅನುಪಾತ ಬದಲಿಸಬೇಕು, ಬದಲಿಸಿದರೆ ಪ್ರೈಮರಿ ಕರೆಂಟ್ ಏರುತ್ತದೆ, ಸೆಕೆಂಡರಿಯ ಡಯೋಡ್‌ಗಳು ಹೆಚ್ಚು ವೋಲ್ಟೇಜ್ ತಡೆಯಬೇಕಾಗುತ್ತದೆ. ಆ ಡಯೋಡ್‌ಗಳ ಕೆಪಾಸಿಟನ್ಸ್ ಜೊತೆ ಇದೇ ಇಂಡಕ್ಟನ್ಸ್ ಕುಣಿದು, ವೋಲ್ಟೇಜನ್ನು ಎರಡು ಪಟ್ಟಿನವರೆಗೂ ಎಬ್ಬಿಸುತ್ತದೆ. ರೆಡ್ಲ್ ಮತ್ತು ಸಂಗಡಿಗರ ಕ್ಲ್ಯಾಂಪ್ ಡಯೋಡ್‌ಗಳು ಹುಟ್ಟಿದ್ದೇ ಈ ಕುಣಿತವನ್ನು ಹಿಡಿದುಕಟ್ಟಲು.

ಆದ್ದರಿಂದ ಕಳೆದ ಮೂವತ್ತು ಚಿಲ್ಲರೆ ವರ್ಷಗಳ ಬಹುಪಾಲು ಸಂಶೋಧನೆ ಈ ಲ್ಯಾಗಿಂಗ್ ಕಾಲಿನ ಸುತ್ತಲೇ ನಡೆದಿದೆ ಎಂದರೆ ಅತಿಶಯವಲ್ಲ. ಫ್ರೆಡ್ ಲೀ ತಂಡವೇ 1990ರ ದಶಕದ ಆರಂಭದಲ್ಲಿ ಸ್ಯಾಚುರೇಟ್ ಆಗುವ ಇಂಡಕ್ಟರ್ ಬಳಸಿ ನೋಡಿತು. ಕರೆಂಟ್ ಕಡಿಮೆ ಇದ್ದಾಗ ಅದರ ಇಂಡಕ್ಟನ್ಸ್ ದೊಡ್ಡದು, ಕರೆಂಟ್ ಏರಿದಾಗ ಕೋರ್ ಸ್ಯಾಚುರೇಟ್ ಆಗಿ ಅಡ್ಡಿಯಾಗದೆ ಸರಿದು ನಿಲ್ಲುತ್ತದೆ. ಜಾಣತನದ ಉಪಾಯ, ಆದರೆ ಆ ಪುಟ್ಟ ಕೋರ್ ವಿಪರೀತ ಬಿಸಿಯಾಗುತ್ತದೆ. ಇನ್ನು ಕೆಲವರು ಟ್ರಾನ್ಸ್‌ಫಾರ್ಮರಿನ ಕೋರ್‌ನಲ್ಲಿ ಸಣ್ಣ ಗಾಳಿಸಂದು ಬಿಟ್ಟು ಮ್ಯಾಗ್ನೆಟೈಸಿಂಗ್ ಕರೆಂಟ್ ಹೆಚ್ಚಿಸುತ್ತಾರೆ. ಇನ್ನು ಕೆಲವರು ಲ್ಯಾಗಿಂಗ್ ಕಾಲಿಗೇ ಪ್ರತ್ಯೇಕ ಇಂಡಕ್ಟರೊಂದನ್ನು ಕಟ್ಟಿ, ಲೋಡ್ ಇರಲಿ ಬಿಡಲಿ ಬೇಕಾದಷ್ಟು ಕರೆಂಟ್ ಸಿಗುವಂತೆ ಮಾಡುತ್ತಾರೆ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಇದೇ. ಇದರ ಕರೆಂಟ್ ಫುಲ್ ಲೋಡ್‌ನಲ್ಲೂ ಸುಮ್ಮನೆ ಸುತ್ತುತ್ತದೆ ನಿಜ, ಆದರೆ ಏನು ಖರ್ಚಾಗುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ. ಸೆಕೆಂಡರಿಯ ಮೇಲೆ ಅದರ ಹೊರೆ ಬೀಳುವುದಿಲ್ಲ.

ಬಿಸಿಗಿಂತ ಅಪಾಯಕಾರಿಯಾದ ಇನ್ನೊಂದು ಸಂಗತಿಯನ್ನು ರಿಪೇರಿ ಮಾಡುವ ನೀವು ತಿಳಿದಿರಲೇಬೇಕು. ಸಾಫ್ಟ್ ಸ್ವಿಚಿಂಗ್‌ನಲ್ಲಿ ಪ್ರತಿ ಸುತ್ತಿಗೂ ಮಾಸ್‌ಫೆಟ್‌ನ ಬಾಡಿ ಡಯೋಡ್ ಕೆಲಸ ಮಾಡುತ್ತದೆ. ಡಯೋಡ್ ಮೂಲಕ ಕರೆಂಟ್ ಹರಿದ ಮೇಲೆ ಅದರೊಳಗೆ ಚಾರ್ಜ್ ಉಳಿದಿರುತ್ತದೆ, ಅದು ಖಾಲಿಯಾಗಲು ಸಮಯ ಬೇಕು. ಲೋಡ್ ಕಡಿಮೆ ಇದ್ದಾಗ, ಪಕ್ಕದಲ್ಲೇ ಚಾನಲ್ ಕೂಡ ಆನ್ ಇರುವುದರಿಂದ, ಡಯೋಡ್ ಮೇಲೆ ಎದುರು ವೋಲ್ಟೇಜ್ ಬೀಳುವುದೇ ಇಲ್ಲ. ಆ ಚಾರ್ಜ್ ಒಳಗೇ ಉಳಿದುಬಿಡುತ್ತದೆ. ನಂತರ ಮಾಸ್‌ಫೆಟ್ ಆಫ್ ಆಗಿ ಅದರ ಮೇಲೆ ವೋಲ್ಟೇಜ್ ರಭಸದಿಂದ ಏರಿದಾಗ ಚಿಪ್ಪಿನೊಳಗೆ ಅಡಗಿರುವ ಬೈಪೋಲಾರ್ ಟ್ರಾನ್ಸಿಸ್ಟರ್ ಎದ್ದು ಕೂರಬಹುದು. ಮುಂದೆ ಆಗುವುದು ಶಾರ್ಟ್. 1990ರ ದಶಕದ ಟೆಲಿಕಾಂ ಪವರ್ ಸಪ್ಲೈಗಳಲ್ಲಿ ಈ ಬಗೆಯ ವೈಫಲ್ಯ ಎಂಜಿನಿಯರುಗಳನ್ನು ಬಹಳ ಕಾಡಿತು. ಫುಲ್ ಲೋಡ್ ಪರೀಕ್ಷೆಯನ್ನೆಲ್ಲ ಸಲೀಸಾಗಿ ದಾಟಿದ ಯಂತ್ರ ಕಡಿಮೆ ಲೋಡ್‌ನಲ್ಲಿ ಸಿಡಿಯುತ್ತಿತ್ತು. ವೇಗದ ಬಾಡಿ ಡಯೋಡ್ ಇರುವ ಮಾಸ್‌ಫೆಟ್‌ಗಳನ್ನು ತಯಾರಕರು ಬೇರೆಯಾಗಿಯೇ ಮಾರುವುದಕ್ಕೆ ಇಂಥ ಸರ್ಕ್ಯೂಟ್‌ಗಳೇ ಮುಖ್ಯ ಕಾರಣ.

ಪವರ್ ಇನ್ನೂ ದೊಡ್ಡದಾದಾಗ, ವೆಲ್ಡಿಂಗ್ ಯಂತ್ರಗಳಂಥ ಕಡೆ, ಮಾಸ್‌ಫೆಟ್ ಬದಲು ಐಜಿಬಿಟಿ ಬರುತ್ತದೆ. ಈ ಸಾಧನವನ್ನು 1980ರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ರೂಪಿಸಿದವರು ಬಂಟ್ವಾಳ ಜಯಂತ್ ಬಾಳಿಗ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದ ಹುಡುಗ, ಬಿಷಪ್ ಕಾಟನ್ ಶಾಲೆಯ ವಿದ್ಯಾರ್ಥಿ, 1969ರಲ್ಲಿ ಮದ್ರಾಸ್ ಐಐಟಿಯ ಪದವೀಧರ. 2024ರಲ್ಲಿ ಅವರಿಗೆ ಫಿನ್ಲೆಂಡಿನ ಮಿಲೇನಿಯಂ ಟೆಕ್ನಾಲಜಿ ಪ್ರಶಸ್ತಿ ಬಂತು. ಕನ್ನಡ ಪತ್ರಿಕೆಗಳಲ್ಲಿ ಅವರ ಬಗ್ಗೆ ಬರಬೇಕಾದಷ್ಟು ಬಂದಿಲ್ಲ ಎಂಬ ನೋವು ನನಗಿದೆ. ಐಜಿಬಿಟಿಯ ಕಷ್ಟ ಆಫ್ ಆಗುವಾಗಿನದು. ಗೇಟ್ ಮುಚ್ಚಿದ ಮೇಲೂ ಬಾಲದಂತೆ ಸ್ವಲ್ಪ ಕರೆಂಟ್ ಹರಿಯುತ್ತಲೇ ಇರುತ್ತದೆ, ಅಷ್ಟರಲ್ಲಿ ವೋಲ್ಟೇಜ್ ಏರಿಬಿಟ್ಟಿರುತ್ತದೆ. ಆದ್ದರಿಂದ ಅಲ್ಲಿ ಲ್ಯಾಗಿಂಗ್ ಕಾಲಿಗೆ ಬೇರೆಯೇ ಉಪಾಯ ಹುಡುಕಿದರು. ಲೀಡಿಂಗ್ ಕಾಲು ಸೊನ್ನೆ ವೋಲ್ಟೇಜ್‌ನಲ್ಲಿ ಸ್ವಿಚ್ ಆಗಲಿ. ಕರೆಂಟ್ ಸುಮ್ಮನೆ ಸುತ್ತುವ ಆ ಬಿಡುವಿನಲ್ಲಿ ಸರಣಿ ಕೆಪಾಸಿಟರೊಂದು ಅದನ್ನು ಸೊನ್ನೆಗೆ ಇಳಿಸಿಬಿಡಲಿ. ಲ್ಯಾಗಿಂಗ್ ಕಾಲು ಸೊನ್ನೆ ಕರೆಂಟ್‌ನಲ್ಲಿ ಸ್ವಿಚ್ ಆಗಲಿ. ಸುತ್ತುವ ಕರೆಂಟಿನ ನಷ್ಟವೂ ಇದರಿಂದ ತಪ್ಪುತ್ತದೆ.

ಫೇಸ್ ಶಿಫ್ಟ್ ಬ್ರಿಡ್ಜ್‌ಗೆ ಪರ್ಯಾಯವಾದ ಎಲ್‌ಎಲ್‌ಸಿ ರೆಸೊನಂಟ್ ಕನ್ವರ್ಟರ್‌ಗಳ ಬಗ್ಗೆ ಒಂದೆರಡು ಮಾತು ಸಾಕು. ಅವು ಮ್ಯಾಗ್ನೆಟೈಸಿಂಗ್ ಕರೆಂಟ್ ಬಳಸಿ ಲೋಡ್ ಇಲ್ಲದಿದ್ದರೂ ಸಾಫ್ಟ್ ಸ್ವಿಚಿಂಗ್ ಉಳಿಸಿಕೊಳ್ಳುತ್ತವೆ. ಆದರೆ ಬ್ಯಾಟರಿಯಂತೆ ವೋಲ್ಟೇಜ್ ಬಹಳ ಬದಲಾಗುವ ಕಡೆ ಅವುಗಳ ಫ್ರೀಕ್ವೆನ್ಸಿ ಬಹಳ ದೂರ ಓಡಾಡಬೇಕಾಗುತ್ತದೆ. ಎರಡೂ ಕಡೆ ಬ್ರಿಡ್ಜ್ ಇಟ್ಟು ಕರೆಂಟನ್ನು ಎರಡೂ ದಿಕ್ಕಿಗೆ ಹರಿಸುವ ಡ್ಯುಯಲ್ ಆಕ್ಟಿವ್ ಬ್ರಿಡ್ಜ್ ಅನ್ನು ರಿಕ್ ಡಿ ಡೊಂಕರ್, ದೀಪಕ್ ದಿವಾನ್ ಮತ್ತು ಸಂಗಡಿಗರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ್ದರು. ವಾಹನದ ಬ್ಯಾಟರಿಯಿಂದ ಮನೆಗೆ ವಿದ್ಯುತ್ ಹಿಂದಿರುಗಿಸುವ ಮಾತು ಬಂದಿರುವ ಈ ಕಾಲದಲ್ಲಿ ಅದಕ್ಕೆ ಮತ್ತೆ ಬೆಲೆ ಬಂದಿದೆ. ಗ್ಯಾಲಿಯಂ ನೈಟ್ರೈಡ್ ಮತ್ತು ಸಿಲಿಕಾನ್ ಕಾರ್ಬೈಡ್ ಸಾಧನಗಳು ಬಂದ ಮೇಲೆ ಕೆಪಾಸಿಟನ್ಸ್ ಇಳಿದು ಲ್ಯಾಗಿಂಗ್ ಕಾಲಿನ ಪಾಡು ಸುಧಾರಿಸಿದೆ, ಆದರೆ ಸಮಸ್ಯೆಯ ಸ್ವರೂಪ ಅದೇ.

ಚಾರ್ಜರ್ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗುವ ದಕ್ಷತೆಯ ಅಂಕಿ ಸಾಮಾನ್ಯವಾಗಿ ಅದು ಅತಿ ಚೆನ್ನಾಗಿ ಓಡುವ ಲೋಡ್‌ನಲ್ಲಿ ಅಳೆದದ್ದು. ಲಿಥಿಯಂ ಬ್ಯಾಟರಿಯ ಚಾರ್ಜಿಂಗ್‌ನ ಕೊನೆಯ ಹಂತದಲ್ಲಿ ವೋಲ್ಟೇಜ್ ಸ್ಥಿರವಾಗಿ ಕರೆಂಟ್ ನಿಧಾನವಾಗಿ ಇಳಿಯುತ್ತ ಹೋಗುತ್ತದೆ, ಅಂದರೆ ಚಾರ್ಜರ್ ಪ್ರತಿದಿನವೂ ಕಡಿಮೆ ಲೋಡ್‌ನಲ್ಲಿ ಸಾಕಷ್ಟು ಹೊತ್ತು ಕಳೆಯುತ್ತದೆ. ಕಂಪ್ಯೂಟರ್ ಸರ್ವರ್‌ಗಳ ಪವರ್ ಸಪ್ಲೈಗೆ ಇರುವ 80 ಪ್ಲಸ್ ಟೈಟೇನಿಯಂ ಮಾನದಂಡ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. 230 ವೋಲ್ಟ್‌ನಲ್ಲಿ ಅರ್ಧ ಲೋಡ್‌ಗೆ ಶೇ. 96 ದಕ್ಷತೆ ಕೇಳುವುದರ ಜೊತೆಗೆ ಬರೀ ಶೇ. 10 ಲೋಡ್‌ನಲ್ಲೂ ಶೇ. 90 ಬೇಕು ಎನ್ನುತ್ತದೆ. ವಿನ್ಯಾಸಕಾರನ ಕೈಚಳಕ ಗೊತ್ತಾಗುವುದು ಆ ಶೇ. 10ರಲ್ಲಿ. ವಾಹನದ ಚಾರ್ಜರ್‌ಗಳ ಮೇಲೂ ಅಂಥ ಅಂಕಿ ಅಚ್ಚಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ನೀವು ಹಾಕಬೇಕೆಂದಿರುವ ದೊಡ್ಡ ಮಾಸ್‌ಫೆಟ್. ಅದರ ಆನ್ ರೆಸಿಸ್ಟನ್ಸ್ 80 ಮಿಲಿಓಮ್ ಬದಲು 40 ಇದೆ ಎನ್ನಿ. ಫುಲ್ ಲೋಡ್‌ನಲ್ಲಿ ಒಂದೊಂದಕ್ಕೆ ಸುಮಾರು 2 ವಾಟ್ ಉಳಿಯುತ್ತದೆ. ಆದರೆ ಚಿಪ್ಪು ದೊಡ್ಡದಾದಂತೆ ಕೆಪಾಸಿಟನ್ಸ್ ಕೂಡ ಬೆಳೆಯುತ್ತದೆ. ಅದೂ ಎರಡು ಪಟ್ಟಾಯಿತು ಎನ್ನೋಣ. ಈಗ ಬಲಗಾಲಿಗೆ ಬೇಕಾದ ಕನಿಷ್ಠ ಕರೆಂಟ್ 3.1ರಿಂದ 4.4 ಆಂಪಿಯರಿಗೆ ಏರಿತು. 1.5 ಆಂಪಿಯರಿನಲ್ಲಿ ನಡುಬಿಂದು 137 ವೋಲ್ಟ್‌ಗೇ ನಿಲ್ಲುತ್ತದೆ, 1.3 ವಾಟ್ ಇದ್ದ ನಷ್ಟ 4 ವಾಟ್ ದಾಟುತ್ತದೆ. ಪ್ರಯಾಣದ ಸಮಯವೂ 122ರ ಬದಲು 172 ನ್ಯಾನೊಸೆಕೆಂಡ್ ಆಯಿತು, ಡೆಡ್ ಟೈಮ್ ಮಾತ್ರ ಹಳೆಯದೇ. ಆದ್ದರಿಂದ ಬದಲಿಸುವುದೇ ಆದರೆ ಆನ್ ರೆಸಿಸ್ಟನ್ಸ್ ಒಂದನ್ನೇ ನೋಡಬೇಡಿ. ಔಟ್‌ಪುಟ್ ಕೆಪಾಸಿಟನ್ಸ್ ಮೂಲದ್ದಕ್ಕೆ ಹತ್ತಿರವಿರಬೇಕು, ಬಾಡಿ ಡಯೋಡ್ ವೇಗದ್ದಾಗಿರಬೇಕು, ಒಂದೇ ಕಾಲಿನ ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಅದಕ್ಕೂ ಮೊದಲು ಆಸಿಲೊಸ್ಕೋಪ್‌ನಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಹೀಟ್‌ಸಿಂಕಿನ ಆ ಬದಿಗೆ ಫ್ಯಾನಿನ ಗಾಳಿ ಕಡಿಮೆ ತಾಗುವುದೋ ಗೇಟ್ ರೆಸಿಸ್ಟರ್ ಸುಟ್ಟಿರುವುದೋ ಕೂಡ ಕಾರಣವಾಗಿರಬಹುದು. ಕೆಳಗಿನ ಮಾಸ್‌ಫೆಟ್‌ಗಳ ಗೇಟ್ ವೋಲ್ಟೇಜ್ ಏರುವ ಗೆರೆಯನ್ನು ಹಿಗ್ಗಿಸಿ. ಹಾರ್ಡ್ ಆಗಿ ಆನ್ ಆಗುವ ಮಾಸ್‌ಫೆಟ್‌ನಲ್ಲಿ ಆ ಗೆರೆ ಅರ್ಧ ಏರಿ, ಮಿಲ್ಲರ್ ಪ್ಲೇಟೋ ಎನ್ನುವ ಒಂದು ಸಮತಟ್ಟಾದ ಮೆಟ್ಟಿಲಿನಲ್ಲಿ ನಿಂತು, ಮತ್ತೆ ಏರುತ್ತದೆ. ಡ್ರೇನ್ ವೋಲ್ಟೇಜ್ ಬೀಳುತ್ತಿರುವ ಹೊತ್ತು ಅದು. ಸಾಫ್ಟ್ ಆಗಿ ಆನ್ ಆಗುವುದರಲ್ಲಿ ಡ್ರೇನ್ ಮೊದಲೇ ಸೊನ್ನೆಗಿಳಿದಿರುವುದರಿಂದ ಆ ಮೆಟ್ಟಿಲೇ ಇರುವುದಿಲ್ಲ, ಗೆರೆ ನುಣ್ಣಗೆ ಏರುತ್ತದೆ. ಫುಲ್ ಲೋಡ್‌ನಿಂದ ಶುರುಮಾಡಿ ನಿಧಾನವಾಗಿ ಇಳಿಸುತ್ತ ಬನ್ನಿ. ಬಿಸಿ ಬದಿಯ ಮಾಸ್‌ಫೆಟ್‌ನಲ್ಲಿ ಮೆಟ್ಟಿಲು ಯಾವ ಕರೆಂಟಿನಲ್ಲಿ ಮೂಡುತ್ತದೋ ಅಲ್ಲಿಗೆ ಆ ಕಾಲು ಸಾಫ್ಟ್ ಸ್ವಿಚಿಂಗ್ ಕಳೆದುಕೊಂಡಿತು. ಫುಲ್ ಲೋಡ್‌ನಲ್ಲೂ ಮೆಟ್ಟಿಲು ಕಂಡರೆ ಮಾತ್ರ ದೋಷವಿದೆ ಎಂದರ್ಥ. ಆಗ ಡೆಡ್ ಟೈಮ್ ನಿಗದಿ ಮಾಡುವ ರೆಸಿಸ್ಟರ್‌ಗಳನ್ನೂ ಪ್ರೈಮರಿಯ ಸರಣಿ ಇಂಡಕ್ಟರನ್ನೂ ಮೊದಲು ಅಳೆಯಿರಿ.

ಈ ಅಳತೆಗೆ ಡಿಫರೆನ್ಶಿಯಲ್ ಪ್ರೋಬ್ ಬೇಕೇ ಬೇಕು. ಬ್ರಿಡ್ಜ್‌ನ ನೆಲಕ್ಕೂ ಗೋಡೆಯ ಅರ್ತಿಂಗಿಗೂ ನಡುವೆ ಮೇನ್ಸ್ ವೋಲ್ಟೇಜ್ ಇರುತ್ತದೆ, ಸಾಮಾನ್ಯ ಪ್ರೋಬಿನ ಅರ್ತ್ ಕ್ಲಿಪ್ ಅಲ್ಲಿಗೆ ಸಿಕ್ಕಿಸಿದರೆ ಸ್ಕೋಪೂ ಬೋರ್ಡೂ ಒಟ್ಟಿಗೆ ಹೋಗುತ್ತವೆ. ಪ್ಲಗ್ ಕಿತ್ತ ಮೇಲೂ 400 ವೋಲ್ಟ್‌ನ ಬಸ್ ಕೆಪಾಸಿಟರ್ ಬಹಳ ಹೊತ್ತು ತುಂಬಿಕೊಂಡೇ ಇರುತ್ತದೆ. ಮೀಟರ್ ಇಟ್ಟು ವೋಲ್ಟೇಜ್ ಇಳಿದಿದೆ ಎಂದು ನೋಡಿದ ಮೇಲಷ್ಟೇ ಕೈ ಹಾಕಿ.